ಎಲ್‌ಇಡಿ ಟಿವಿಯ ಮುಂದೆ ಕುರುಡಾಗುವ ಪಿಸ್ತೂಲು

ಪ್ರಶ್ನೆ: ಕಾಲೇಜಿನ ದಿನಗಳಲ್ಲಿ ಗೇಮ್ ಪಾರ್ಲರ್‌ಗಳಲ್ಲಿ, ಎದ್ದು ನಡೆಯುವ ಹೆಣಗಳನ್ನು (ಜೋಂಬಿಗಳನ್ನು) ಪಿಸ್ತೂಲಿನಿಂದ ಹೊಡೆಯುವ ‘ದಿ ಹೌಸ್ ಆಫ್ ದಿ ಡೆಡ್’ ಆಡಿ ಜೇಬು ಖಾಲಿ ಮಾಡಿಕೊಂಡವನು ನಾನು. ಈಚೆಗೆ ಜಪಾನಿನಲ್ಲಿರುವ ಭಾವಮೈದುನ ಹಳೆಯ ಸೆಗಾ ಡ್ರೀಮ್‌ಕ್ಯಾಸ್ಟ್ ಕನ್ಸೋಲ್ (ಟಿವಿಗೆ ಜೋಡಿಸುವ ಗೇಮ್ ಯಂತ್ರ), ಆ ಆಟದ ಎರಡನೆಯ ಭಾಗದ ಡಿಸ್ಕ್ ಮತ್ತು ಒಂದು ಪಿಸ್ತೂಲು ತಂದುಕೊಟ್ಟಿದ್ದಾನೆ. ಮನೆಯ 43 ಇಂಚಿನ ಎಲ್‌ಇಡಿ ಟಿವಿಗೆ ಜೋಡಿಸಿದೆ. ಚಿತ್ರ, ಸದ್ದು ಎರಡೂ ಚೆನ್ನಾಗಿವೆ. ಟ್ರಿಗರ್ ಎಳೆದರೆ ಪರದೆ ಒಮ್ಮೆ ಬೆಳ್ಳಗೆ ಮಿನುಗುತ್ತದೆ, ಆದರೆ ಒಂದು ಜೋಂಬಿಗೂ ಗುಂಡು ತಾಕುವುದಿಲ್ಲ. ಪ್ರತಿ ಸಲವೂ ಗುಂಡು ತುಂಬಿಕೊಳ್ಳುವ ಸದ್ದು ಮಾತ್ರ ಬರುತ್ತದೆ. ಅಂಗಡಿಯವರು ಸೆನ್ಸರ್ ಹೋಗಿದೆ ಎನ್ನುತ್ತಾರೆ. ಹೊಸ ಪಿಸ್ತೂಲು ತರಿಸಲೇ? ಅಥವಾ ಬೇರೆ ಕನ್ಸೋಲ್ ಕೊಳ್ಳುವುದು ಒಳ್ಳೆಯದೇ? ಹನ್ನೊಂದು ವರ್ಷದ ಮಗನೂ ಜೊತೆಗೆ ಆಡುತ್ತೇನೆಂದು ಹಟ ಹಿಡಿದಿದ್ದಾನೆ.
— ಒಬ್ಬ ಓದುಗರು, ಮೈಸೂರು

ಉತ್ತರ: ಹೊಸ ಪಿಸ್ತೂಲು ತರಿಸಬೇಡಿ. ಎಷ್ಟು ತರಿಸಿದರೂ ಆ ಟಿವಿಯ ಮುಂದೆ ಎಲ್ಲವೂ ಹೀಗೆಯೇ ವರ್ತಿಸುತ್ತವೆ. ನಿಮ್ಮ ಪಿಸ್ತೂಲು ಬಹುಮಟ್ಟಿಗೆ ಸರಿಯಾಗಿದೆ ಎಂಬುದಕ್ಕೆ ನಿಮ್ಮ ಪ್ರಶ್ನೆಯಲ್ಲಿಯೇ ಸುಳಿವಿದೆ: ಎಳೆದಾಗಲೆಲ್ಲ ಗುಂಡು ತುಂಬಿಕೊಳ್ಳುವ ಸದ್ದು. ಈ ಆಟದಲ್ಲಿ ಆರು ಗುಂಡು ಮುಗಿದ ಮೇಲೆ ಪಿಸ್ತೂಲನ್ನು ಪರದೆಯ ಆಚೆಗೆ ತಿರುಗಿಸಿ ಟ್ರಿಗರ್ ಎಳೆದರೆ ಮತ್ತೆ ಆರು ತುಂಬುತ್ತವೆ. ಟ್ರಿಗರ್ ಎಳೆದದ್ದು ಕನ್ಸೋಲಿಗೆ ಗೊತ್ತಾಗಿದೆ, ಆದರೆ ಪರದೆಯ ಬೆಳಕು ಪಿಸ್ತೂಲಿಗೆ ಕಾಣಲಿಲ್ಲ. ಹಾಗಾದರೆ ಆಟಗಾರ ಪರದೆಯ ಹೊರಗೆ ಗುರಿ ಇಟ್ಟಿದ್ದಾನೆ ಎಂದು ಕನ್ಸೋಲ್ ತೀರ್ಮಾನಿಸುತ್ತಿದೆ. ಟ್ರಿಗರ್, ತಂತಿ, ಪೋರ್ಟ್ ಮೂರೂ ಸರಿ ಇವೆ ಎಂದಾಯಿತು. ಉಳಿದದ್ದು ಸೆನ್ಸರ್. ಅದು ಸತ್ತಿದೆಯೋ ಬದುಕಿದೆಯೋ ಎಂದು ಎಲ್‌ಇಡಿ ಟಿವಿಯ ಮುಂದೆ ನಿಂತು ಯಾರೂ ಹೇಳಲಾರರು, ಅಂಗಡಿಯವರೂ ಸಹ.

ಕಾರಣ ಇದು. ಪಿಸ್ತೂಲಿನಿಂದ ಏನೂ ಹೊರಗೆ ಹೋಗುವುದಿಲ್ಲ. ಅದರ ನಳಿಗೆಯೊಳಗೆ ಒಂದು ಚಿಕ್ಕ ಮಸೂರ, ಅದರ ಹಿಂದೆ ಬೆಳಕನ್ನು ಗುರುತಿಸುವ ಒಂದು ಡಯೋಡ್ ಇವೆ. ಗುಂಡು ಹಾರಿಸುವ ಸಾಧನದಂತೆ ಕಂಡರೂ ಅದು ನಿಜದಲ್ಲಿ ಟಿವಿಯನ್ನು ನೋಡುವ ಕಣ್ಣು. ಹಳೆಯ ಪಿಕ್ಚರ್ ಟ್ಯೂಬ್ ಟಿವಿಯಲ್ಲಿ ಇಡೀ ಚಿತ್ರ ಒಂದೇ ಸಲಕ್ಕೆ ಮೂಡುತ್ತಿರಲಿಲ್ಲ. ಎಲೆಕ್ಟ್ರಾನ್ ಕಿರಣವೊಂದು ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ಗೆರೆ ಗೆರೆಯಾಗಿ ಪರದೆಯನ್ನು ಬೆಳಗಿಸುತ್ತ ಹೋಗುತ್ತಿತ್ತು. ಜಪಾನ್ ಮತ್ತು ಅಮೆರಿಕ ಬಳಸುತ್ತಿದ್ದ ಎನ್‌ಟಿಎಸ್‌ಸಿ ಪದ್ಧತಿಯಲ್ಲಿ ಸೆಕೆಂಡಿಗೆ ಸುಮಾರು 60 ಸಲ, ಸಲಕ್ಕೆ 262.5 ಗೆರೆ. ಒಂದು ಗೆರೆ ಎಳೆಯಲು ಸುಮಾರು 63.5 ಮೈಕ್ರೊಸೆಕೆಂಡ್ ಸಾಕು. ನೀವು ಟ್ರಿಗರ್ ಎಳೆದ ಕೂಡಲೇ ಆಟ ಒಂದು ಕ್ಷಣ ಪರದೆಯನ್ನು ಬೆಳ್ಳಗಾಗಿಸುತ್ತದೆ. ಪಿಸ್ತೂಲು ನೋಡುತ್ತಿರುವ ಜಾಗವನ್ನು ಕಿರಣ ದಾಟುವ ಹೊತ್ತಿಗೆ ಡಯೋಡ್ ‘ಕಂಡಿತು’ ಎಂದು ಸಂಕೇತ ಕಳಿಸುತ್ತದೆ. ಚಿತ್ರ ಶುರುವಾಗಿ ಎಷ್ಟು ಹೊತ್ತಾಯಿತು ಎಂಬ ಲೆಕ್ಕ ಕನ್ಸೋಲಿನ ಬಳಿ ಇದೆ. ಆ ಹೊತ್ತಿನಿಂದ ಎಷ್ಟನೆಯ ಗೆರೆ, ಗೆರೆಯಲ್ಲಿ ಎಲ್ಲಿ ಎಂಬುದನ್ನು ಅದು ಲೆಕ್ಕ ಹಾಕಿಬಿಡುತ್ತದೆ. ಗುರಿ ಎಂದರೆ ಇಲ್ಲಿ ಸಮಯ, ಅಷ್ಟೇ.

ಎಲ್‌ಇಡಿ ಟಿವಿಯಲ್ಲಿ ಹೀಗೆ ಓಡುವ ಕಿರಣವೇ ಇಲ್ಲ. ಬಂದ ಚಿತ್ರವನ್ನು ಅದು ಮೊದಲು ತನ್ನೊಳಗೆ ತುಂಬಿಕೊಂಡು, ಪರದೆಯ ಅಳತೆಗೆ ಹಿಗ್ಗಿಸಿ, ಬಣ್ಣ ತಿದ್ದಿ, ಆಮೇಲೆ ತೋರಿಸುತ್ತದೆ. ಈ ಸಂಸ್ಕರಣೆಗೆ ಹತ್ತಾರು ಮಿಲಿಸೆಕೆಂಡುಗಳು ಹಿಡಿಯುವುದು ಸಾಮಾನ್ಯ. ನಮ್ಮ ಕಣ್ಣಿಗೆ ಇದು ಏನೂ ಅಲ್ಲ. ಮೈಕ್ರೊಸೆಕೆಂಡಿನ ಲೆಕ್ಕದಲ್ಲಿ ಬದುಕುವ ಪಿಸ್ತೂಲಿಗೆ ಇದು ಯುಗ. ಬೆಳಕು ಬಂದರೂ ತಪ್ಪು ಹೊತ್ತಿಗೆ ಬರುತ್ತದೆ, ಅದೂ ಡಯೋಡ್ ಕಾಯುತ್ತಿರುವ ಆ ಚುರುಕಾದ ಮಿಂಚಾಗಿ ಅಲ್ಲ.

ತೊಂಬತ್ತರ ದಶಕದಲ್ಲಿ ನಮ್ಮಲ್ಲಿ ಮನೆ ಮನೆಗೆ ಬಂದಿದ್ದ ಕ್ಯಾಸೆಟ್ ಹಾಕುವ ವಿಡಿಯೊ ಗೇಮ್‌ಗಳ ಜೊತೆಗೂ ಒಂದು ಪಿಸ್ತೂಲು ಬರುತ್ತಿತ್ತು. ಅವು ನಿಂಟೆಂಡೊ ಯಂತ್ರದ ನಕಲುಗಳು. ಬಾತುಕೋಳಿ ಹೊಡೆಯುವ ಆಟವನ್ನು ಯಾರು ಮರೆತಾರು! ಆ ಪಿಸ್ತೂಲಿನ ಉಪಾಯ ಇನ್ನೂ ಸರಳವಾಗಿತ್ತು. ಟ್ರಿಗರ್ ಎಳೆದಾಗ ಮೊದಲು ಪರದೆ ಪೂರ್ತಿ ಕಪ್ಪು, ಮರುಕ್ಷಣ ಬಾತುಕೋಳಿ ಇದ್ದ ಜಾಗದಲ್ಲಿ ಮಾತ್ರ ಒಂದು ಬಿಳಿ ಚೌಕ. ಕಪ್ಪಿನ ಹಿಂದೆಯೇ ಬಿಳಿ ಕಂಡರೆ ಹಕ್ಕಿ ಬಿತ್ತು. ಪಿಸ್ತೂಲನ್ನು ಬಲ್ಬಿನ ಕಡೆ ಹಿಡಿದು ಮೋಸ ಮಾಡಲು ಹೊರಟ ಮಕ್ಕಳನ್ನು ಹಿಡಿಯುತ್ತಿದ್ದದ್ದು ಆ ಕಪ್ಪು ಪರದೆ. ಬಲ್ಬು ನಡುವೆ ಕಪ್ಪಾಗುವುದಿಲ್ಲವಲ್ಲ. ಆ ಪಿಸ್ತೂಲೂ ಇವತ್ತಿನ ಟಿವಿಯಲ್ಲಿ ನಡೆಯುವುದಿಲ್ಲ.

ಈಗ ನಿಮ್ಮ ಮುಂದಿರುವ ದಾರಿಗಳು. ನಿಮ್ಮ ಬಳಿ ಕನ್ಸೋಲ್, ಡಿಸ್ಕ್, ಪಿಸ್ತೂಲು ಮೂರೂ ಇರುವುದರಿಂದ ನನ್ನ ಸಲಹೆ ಒಂದೇ: ಹಳೆಯ ಪಿಕ್ಚರ್ ಟ್ಯೂಬಿನ ಒಂದು ಡಬ್ಬಾ ಟಿವಿ ಹುಡುಕಿ. ಇದನ್ನು ಹಳೆಯ ಕಾಲದ ವ್ಯಾಮೋಹದಿಂದ ಹೇಳುತ್ತಿಲ್ಲ. ಸೆಗಾ 1998ರಲ್ಲಿ ಈ ಎರಡನೆಯ ಭಾಗವನ್ನು ಆರ್ಕೇಡಿಗೆ, ಅಂದರೆ ಗೇಮ್ ಪಾರ್ಲರಿಗೆ, ತಂದಾಗ ಅದನ್ನು ನಡೆಸುತ್ತಿದ್ದದ್ದು ‘ನಯೋಮಿ’ ಎಂಬ ಯಂತ್ರಾಂಶ. ನಯೋಮಿ ಮತ್ತು ಡ್ರೀಮ್‌ಕ್ಯಾಸ್ಟ್ ಅಣ್ಣತಮ್ಮಂದಿರು. ಪ್ರೊಸೆಸರ್ ಒಂದೇ, 200 ಮೆಗಾಹರ್ಟ್ಸ್‌ನ ಎಸ್‌ಎಚ್-4. ಅಣ್ಣನಿಗೆ 32 ಮೆಗಾಬೈಟ್ ಮೆಮೊರಿ, ತಮ್ಮನಿಗೆ 16, ಇಂಥ ವ್ಯತ್ಯಾಸಗಳು ಮಾತ್ರ. ಅದಕ್ಕೇ 1999ರಲ್ಲಿ ಮನೆಗೆ ಬಂದ ಆಟ ಪಾರ್ಲರಿನ ಆಟದ ಪಡಿಯಚ್ಚಿನಂತಿತ್ತು. ಮೊದಲನೆಯ ಭಾಗಕ್ಕೆ ಆ ಅದೃಷ್ಟ ಇರಲಿಲ್ಲ. ಅದನ್ನು 1998ರಲ್ಲಿ ಸೆಗಾದ ಹಿಂದಿನ ಕನ್ಸೋಲ್ ಸ್ಯಾಟರ್ನ್‌ಗೆ ಇಳಿಸುವಾಗ ಚಿತ್ರವೆಲ್ಲ ಒರಟಾಗಿಹೋಯಿತು, ಏಕೆಂದರೆ ಆರ್ಕೇಡಿನ ‘ಮಾಡೆಲ್ 2’ ಯಂತ್ರದ ಶಕ್ತಿ ಸ್ಯಾಟರ್ನ್‌ಗೆ ಇರಲಿಲ್ಲ. ನಿಮ್ಮ ಭಾವಮೈದುನ ತಿಳಿದೋ ತಿಳಿಯದೆಯೋ ಸರಿಯಾದ ಭಾಗವನ್ನೇ ತಂದಿದ್ದಾನೆ.

ಟಿವಿ ಎಲ್ಲಿ ಸಿಗುತ್ತದೆ? ನೆಂಟರಿಷ್ಟರ ಅಟ್ಟದ ಮೇಲೆ, ಗುಜರಿ ಅಂಗಡಿಗಳಲ್ಲಿ, ಹಳೆಯ ಟಿವಿ ಮೆಕ್ಯಾನಿಕ್‌ಗಳ ಹಿಂಬದಿಯ ಕೋಣೆಯಲ್ಲಿ. 20 ಅಥವಾ 21 ಇಂಚಿನದು ಸಾಕು, ಅದನ್ನು ಹೊರಲು ಹೇಗೂ ಇಬ್ಬರು ಬೇಕು. ಕೊಳ್ಳುವ ಮೊದಲು ಹಳದಿ ಬಣ್ಣದ ಎವಿ ಕಿಂಡಿ ಇದೆಯೇ ನೋಡಿ. ಡಬ್ಬಾ ಟಿವಿಗಳ ಕಾಲದಲ್ಲಿ ಭಾರತದ ಪ್ರಸಾರ ಪಾಲ್ ಎಂಬ ಬೇರೆ ಪದ್ಧತಿಯದಾಗಿತ್ತು, ನಿಮ್ಮ ಕನ್ಸೋಲ್ ಎನ್‌ಟಿಎಸ್‌ಸಿ. ತೊಂಬತ್ತರ ದಶಕದ ಕೊನೆಯಿಂದ ಈಚಿನ ಎಷ್ಟೋ ಟಿವಿಗಳು ಎವಿ ಮೂಲಕ ಎರಡನ್ನೂ ತೋರಿಸುತ್ತವೆ. ತೋರಿಸದಿದ್ದರೆ ಚಿತ್ರ ಕಪ್ಪು-ಬಿಳುಪಾಗಿ ಬರಬಹುದು, ಅಥವಾ ಮೇಲಿಂದ ಕೆಳಗೆ ಉರುಳಬಹುದು. ಕಪ್ಪು-ಬಿಳುಪು ಬಂದರೂ ಪಿಸ್ತೂಲು ಕೆಲಸ ಮಾಡುತ್ತದೆ. ಅದಕ್ಕೆ ಬೇಕಾದದ್ದು ಬೆಳಕು, ಬಣ್ಣವಲ್ಲ. ಕೊನೆಯ ದಿನಗಳಲ್ಲಿ ಬಂದ ದುಬಾರಿಯ ‘100 ಹರ್ಟ್ಸ್’ ಚಪ್ಪಟೆ ಟ್ಯೂಬ್ ಟಿವಿಗಳನ್ನು ಮಾತ್ರ ಮುಟ್ಟಬೇಡಿ. ಅವೂ ಒಳಗೆ ಚಿತ್ರವನ್ನು ಹಿಡಿದಿಟ್ಟು ಎರಡು ಪಟ್ಟು ವೇಗದಲ್ಲಿ ತೋರಿಸುತ್ತವೆ. ಕಿರಣವಿದ್ದರೂ ಕನ್ಸೋಲಿನ ಲೆಕ್ಕಕ್ಕೆ ಅದು ತಾಳೆಯಾಗುವುದಿಲ್ಲ. ಅಗ್ಗದ, ಉಬ್ಬು ಪರದೆಯ ಟಿವಿಯೇ ಇಲ್ಲಿ ಶ್ರೇಷ್ಠ.

ಎರಡು ಎಚ್ಚರಿಕೆ. ಜಪಾನಿನ ಡ್ರೀಮ್‌ಕ್ಯಾಸ್ಟ್ 100 ವೋಲ್ಟ್‌ಗೆ ಮಾಡಿದ್ದು, ಪವರ್ ಸಪ್ಲೈ ಅದರ ಹೊಟ್ಟೆಯೊಳಗೇ ಇದೆ. ನಮ್ಮ 230 ವೋಲ್ಟ್ ಪ್ಲಗ್‌ಗೆ ನೇರವಾಗಿ ಚುಚ್ಚಿದರೆ ಆ ಬೋರ್ಡು ಸುಡುತ್ತದೆ. ಚಿತ್ರ ಬರುತ್ತಿದೆ ಎಂದಿರುವುದರಿಂದ ನೀವು ವೋಲ್ಟೇಜ್ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬಳಸುತ್ತಿದ್ದೀರಿ ಎಂದುಕೊಳ್ಳುತ್ತೇನೆ. ಬೇರೆ ಕೋಣೆಗೆ, ಬೇರೆ ಟಿವಿಗೆ ಸಾಗಿಸುವ ಗಡಿಬಿಡಿಯಲ್ಲಿ ಅದು ಹಿಂದೆ ಉಳಿಯದಂತೆ ನೋಡಿಕೊಳ್ಳಿ. ಇನ್ನೊಂದು, ಹಳೆಯ ಟಿವಿಯ ಹಿಂಬದಿಯ ಮುಚ್ಚಳವನ್ನು ನೀವಾಗಿ ತೆಗೆಯಬೇಡಿ. ಬಣ್ಣದ ಪಿಕ್ಚರ್ ಟ್ಯೂಬಿಗೆ 20,000 ವೋಲ್ಟ್‌ಗಿಂತ ಹೆಚ್ಚಿನ ವಿದ್ಯುತ್ ಹೋಗುತ್ತದೆ, ಪ್ಲಗ್ ಕಿತ್ತ ಮೇಲೂ ಅದರಲ್ಲಿ ಒಂದಷ್ಟು ಉಳಿದಿರಬಹುದು.

ಟಿವಿ ಬಂದ ಮೇಲೆ ಬ್ರೈಟ್‌ನೆಸ್, ಕಾಂಟ್ರಾಸ್ಟ್ ಎರಡನ್ನೂ ಏರಿಸಿ. ಗುಂಡು ಆಗಾಗ ತಪ್ಪುವುದಕ್ಕೆ ಮಂಕಾದ ಟ್ಯೂಬೇ ಮೊದಲ ಕಾರಣ. ಪರದೆಯಲ್ಲಿ ಟ್ಯೂಬ್‌ಲೈಟಿನ ಅಥವಾ ಕಿಟಕಿಯ ಪ್ರತಿಬಿಂಬ ಬೀಳದ ಹಾಗೆ ಟಿವಿಯನ್ನು ತಿರುಗಿಸಿ. ಐದಾರು ಅಡಿ ದೂರದಲ್ಲಿ ನಿಂತು, ಆಟದ ಸೆಟ್ಟಿಂಗ್‌ನಲ್ಲಿ ಗುರಿಯನ್ನು ಒಮ್ಮೆ ಹೊಂದಿಸಿಕೊಳ್ಳಿ. ಹೊಂದಿಸಿದ ಜಾಗದಿಂದಲೇ ಆಡಿ. ಇಷ್ಟಾದರೂ ಗುಂಡು ತಾಕದಿದ್ದರೆ ಆಗ ಸೆನ್ಸರನ್ನು ಅನುಮಾನಿಸಬಹುದು. ಅದಕ್ಕೂ ಮೊದಲು ನಳಿಗೆಯ ತುದಿಯಲ್ಲಿರುವ ಮಸೂರವನ್ನು ನೋಡಿ. ಇಪ್ಪತ್ತೈದು ವರ್ಷದ ದೂಳು ಅದರ ಮೇಲೆ ಪೊರೆ ಕಟ್ಟಿರುತ್ತದೆ. ಕಿವಿಗೆ ಹಾಕುವ ಹತ್ತಿಯ ಕಡ್ಡಿಯಿಂದ ಮೆಲ್ಲಗೆ ಒರೆಸಿದರೆ ಎಷ್ಟೋ ‘ಸತ್ತ’ ಪಿಸ್ತೂಲುಗಳು ಎದ್ದು ಕೂರುತ್ತವೆ. ಅಂಗಡಿಯವರು ಅದನ್ನು ಬಿಚ್ಚಿ ನೋಡಿದ್ದರೆ ಮಸೂರವನ್ನು ಮತ್ತೆ ಅದರ ಜಾಗದಲ್ಲಿ ಕೂರಿಸಿದ್ದಾರೆಯೇ ಎಂದೂ ಖಚಿತಪಡಿಸಿಕೊಳ್ಳಿ. ಅದು ಸ್ವಲ್ಪ ಓರೆಯಾದರೂ ಎಲ್ಲ ಗುಂಡುಗಳೂ ಒಂದೇ ಕಡೆಗೆ ವಾಲುತ್ತವೆ.

ಮನೆಯಲ್ಲಿ ಡಬ್ಬಾ ಟಿವಿಗೆ ಜಾಗವಿಲ್ಲ, ಮನೆಯವರು ಒಪ್ಪುವುದಿಲ್ಲ ಎಂದಾದರೆ ಎರಡನೆಯ ದಾರಿ ನಿಂಟೆಂಡೊ ಕಂಪನಿಯ ಹಳೆಯ ಕನ್ಸೋಲ್ ‘ವೀ’. ಅದಕ್ಕೆ 2008ರಲ್ಲಿ ಇದೇ ಸರಣಿಯ ಎರಡನೆಯ ಮತ್ತು ಮೂರನೆಯ ಭಾಗಗಳು ಒಂದೇ ಡಿಸ್ಕಿನಲ್ಲಿ ಬಂದವು. ವೀ ಯಾವ ಟಿವಿಯಲ್ಲಾದರೂ ನಡೆಯುತ್ತದೆ, ಏಕೆಂದರೆ ಅದರ ರಿಮೋಟ್ ಪರದೆಯನ್ನು ನೋಡುವುದೇ ಇಲ್ಲ. ರಿಮೋಟಿನ ಮೂತಿಯಲ್ಲಿ ಒಂದು ಅತಿಗೆಂಪು ಕ್ಯಾಮೆರಾ ಇದೆ. ಟಿವಿಯ ಮೇಲೋ ಕೆಳಗೋ ಇಡುವ ಪಟ್ಟಿಯ ಎರಡು ತುದಿಯಲ್ಲಿ ಅತಿಗೆಂಪು ದೀಪಗಳಿವೆ. ಆ ಎರಡು ಬೆಳಕಿನ ಚುಕ್ಕೆಗಳು ತನಗೆ ಎಲ್ಲಿ ಕಾಣುತ್ತಿವೆ ಎಂಬುದರಿಂದ ರಿಮೋಟ್ ತಾನು ಎತ್ತ ನೋಡುತ್ತಿದ್ದೇನೆಂದು ಲೆಕ್ಕ ಹಾಕುತ್ತದೆ. ಪಟ್ಟಿಗೆ ‘ಸೆನ್ಸರ್ ಬಾರ್’ ಎಂದು ಹೆಸರು, ಆದರೆ ಅದರಲ್ಲಿ ಸೆನ್ಸರ್ ಇಲ್ಲ. ಅದು ಕೆಟ್ಟರೆ ಎರಡು ಮೇಣದ ಬತ್ತಿ ಹಚ್ಚಿಟ್ಟರೂ ಆಟ ನಡೆಯುತ್ತದೆ. ದೀಪಾವಳಿಯ ಹಣತೆಯೂ ಆದೀತು, ಪರದೆಯ ಹತ್ತಿರ ಎಣ್ಣೆ ಚೆಲ್ಲುವ ಧೈರ್ಯ ನಿಮಗಿದ್ದರೆ. ಇದೇ ಕಾರಣಕ್ಕೆ ಟಿವಿಯ ಹಿಂದೆ ಬಿಸಿಲು ಬೀಳುವ ಕಿಟಕಿ ಇದ್ದರೆ ರಿಮೋಟ್ ತಬ್ಬಿಬ್ಬಾಗುತ್ತದೆ.

ವೀಯ ಕೊರತೆ ಏನೆಂದರೆ ನಿಜವಾದ ಗುರಿ ಹಿಡಿದ ಭಾವ ಅದರಲ್ಲಿ ಇಲ್ಲ. ಪರದೆಯ ಮೇಲೆ ಚಲಿಸುವ ಗುರುತನ್ನು ನೋಡಿಕೊಂಡು ಹೊಡೆಯುತ್ತೀರಿ, ನಳಿಗೆಯ ನೇರಕ್ಕೆ ಕಣ್ಣಿಟ್ಟಲ್ಲ. 2007ರಲ್ಲಿ ಬಂದ ‘ವೀ ಜ್ಯಾಪರ್’ ಬಂದೂಕು ರಿಮೋಟನ್ನು ಕೂರಿಸುವ ಬರಿಯ ಪ್ಲಾಸ್ಟಿಕ್ ಚಿಪ್ಪು, ಅದರಿಂದ ಗುರಿ ಸುಧಾರಿಸುವುದಿಲ್ಲ. ಇನ್ನೊಂದು ಮಾತು, ವೀಯಲ್ಲಿ ಎಚ್‌ಡಿಎಂಐ ಇಲ್ಲ. ಹೊಸ ಟಿವಿಯಲ್ಲಿ ಎವಿ ಕಿಂಡಿ ಇಲ್ಲದಿದ್ದರೆ ಒಂದು ಚಿಕ್ಕ ಪರಿವರ್ತಕ ಬೇಕು. ಜೊತೆಗೆ ಟಿವಿಯ ಸೆಟ್ಟಿಂಗ್‌ನಲ್ಲಿ ‘ಗೇಮ್ ಮೋಡ್’ ಹಾಕಿ. ಇಲ್ಲವಾದರೆ ಕೈಗೂ ಗುರುತಿಗೂ ನಡುವೆ ಆಗುವ ವಿಳಂಬ ಮೊದಲ ರಾಕ್ಷಸನ ಮುಂದೆಯೇ ನಿಮ್ಮನ್ನು ಕೊಲ್ಲಿಸುತ್ತದೆ.

ಹೊಸ ಯಂತ್ರವೇ ಬೇಕೆಂದರೆ ಮೊದಲನೆಯ ಭಾಗದ ಹೊಸ ರೂಪ 2022ರಲ್ಲಿ ನಿಂಟೆಂಡೊ ಸ್ವಿಚ್‌ಗೆ, ಆಮೇಲೆ ಇತರ ಯಂತ್ರಗಳಿಗೂ ಬಂತು. 2025ರಲ್ಲಿ ಎರಡನೆಯದರ ಹೊಸ ರೂಪವೂ ಬಂದಿದೆ. ಸ್ವಿಚ್‌ನಲ್ಲಿ ಗುರಿ ಹಿಡಿಯುವುದು ಕಂಟ್ರೋಲರ್ ಒಳಗಿನ ಗೈರೊಸ್ಕೋಪ್. ಅದಕ್ಕೆ ಟಿವಿ ಎಲ್ಲಿದೆ ಎಂಬುದೇ ತಿಳಿಯದು, ಕೈ ಎಷ್ಟು ತಿರುಗಿತು ಎಂಬುದು ಮಾತ್ರ ತಿಳಿಯುತ್ತದೆ. ಹಾಗಾಗಿ ಆಡುತ್ತ ಆಡುತ್ತ ಗುರಿ ನಿಧಾನವಾಗಿ ಒಂದು ಕಡೆಗೆ ಸರಿಯುತ್ತದೆ, ಆಗಾಗ ಬಟನ್ ಒತ್ತಿ ನಡುವಿಗೆ ತಂದುಕೊಳ್ಳಬೇಕು. ನನಗೆ ಇದು ಒಗ್ಗಲಿಲ್ಲ. ಕಂಪ್ಯೂಟರಿನಲ್ಲಿ ಆಡುವವರಿಗೆ ‘ಸಿಂಡೆನ್ ಲೈಟ್‌ಗನ್’ ಎಂಬ ಪಿಸ್ತೂಲಿದೆ. ಆಟದ ಚಿತ್ರದ ಸುತ್ತ ಒಂದು ಬಿಳಿ ಅಂಚನ್ನು ಬರೆದು, ಪಿಸ್ತೂಲಿನೊಳಗಿನ ಕ್ಯಾಮೆರಾದಿಂದ ಆ ಚೌಕವನ್ನು ನೋಡಿ ಗುರಿ ಲೆಕ್ಕ ಹಾಕುವ ಜಾಣ ಉಪಾಯ ಅದರದು. ಎಲ್‌ಇಡಿ ಪರದೆಯಲ್ಲಿ ನಳಿಗೆಯ ನೇರಕ್ಕೇ ಗುಂಡು ತಾಕುತ್ತದೆ. ಕಂಪ್ಯೂಟರಿಗೆ ಅದು ಮೌಸ್‌ನಂತೆ ಕಾಣುತ್ತದೆ, ಆದ್ದರಿಂದ ನಿಮ್ಮ ಡ್ರೀಮ್‌ಕ್ಯಾಸ್ಟ್‌ಗೆ ನೇರವಾಗಿ ಜೋಡಿಸಲು ಬರುವುದಿಲ್ಲ. ವಿದೇಶದಿಂದ ತರಿಸುವ ಖರ್ಚು, ಸುಂಕ, ಹೊಂದಿಸುವ ತಲೆನೋವು ಎಲ್ಲ ಸೇರಿದರೆ ಒಂದು ಗುಜರಿ ಟಿವಿಯ ಮುಂದೆ ಅದು ನಿಲ್ಲುವುದಿಲ್ಲ.

ನೀವು ಕೇಳದಿದ್ದರೂ ಆಡುವ ಬಗೆಯ ಬಗ್ಗೆ ಹೇಳಲೇಬೇಕು, ಏಕೆಂದರೆ ಮನೆಗೆ ಬಂದ ಮೇಲೆ ಈ ಆಟ ಕೆಡುವುದು ಇಲ್ಲಿಯೇ. ಪಾರ್ಲರಿನಲ್ಲಿ ಸತ್ತರೆ ಮತ್ತೆ ದುಡ್ಡು ತೆರಬೇಕಿತ್ತು. ಆ ಭಯವೇ ನಮ್ಮನ್ನು ಗುರಿ ಇಟ್ಟು ಹೊಡೆಯುವಂತೆ ಮಾಡುತ್ತಿತ್ತು. ಮನೆಯಲ್ಲಿ ಬಟನ್ ಒತ್ತಿದರೆ ಮತ್ತೆ ಜೀವ. ಯಾರನ್ನೂ ಕಾಪಾಡದೆ, ಏನನ್ನೂ ಕಲಿಯದೆ ಒಂದು ಸಂಜೆಯಲ್ಲಿ ಕೊನೆ ಮುಟ್ಟಿ, ‘ಇಷ್ಟೇನಾ?’ ಎಂದು ಡಿಸ್ಕನ್ನು ಕಪಾಟಿಗೆ ಸೇರಿಸಿದವರನ್ನು ಬಹಳ ಕಂಡಿದ್ದೇನೆ. ಒಂದೇ ಕ್ರೆಡಿಟ್, ಅಂದರೆ ಪಾರ್ಲರಿನಲ್ಲಿ ಒಂದು ಸಲ ತೆತ್ತ ದುಡ್ಡಿಗೆ ಸಿಗುವಷ್ಟೇ ಆಟ, ಎಂದು ನೀವೇ ಕಟ್ಟು ಹಾಕಿಕೊಳ್ಳಿ. ಸತ್ತರೆ ಮೊದಲಿನಿಂದ.

ಆಗ ಆಟದ ಬುದ್ಧಿವಂತಿಕೆ ಕಾಣತೊಡಗುತ್ತದೆ. ಹತ್ತಿರ ಇರುವವನನ್ನಲ್ಲ, ಕೈ ಎತ್ತಿದವನನ್ನು ಮೊದಲು ಹೊಡೆಯಿರಿ. ದೂರದಲ್ಲಿ ನಿಂತು ಕೊಡಲಿ ಎಸೆಯುವವನು ಎದುರಿಗೆ ತೂರಾಡಿಕೊಂಡು ಬರುತ್ತಿರುವವನಿಗಿಂತ ಅಪಾಯಕಾರಿ. ಎಸೆದ ಕೊಡಲಿಯನ್ನೂ ಗಾಳಿಯಲ್ಲೇ ಹೊಡೆದು ಬೀಳಿಸಬಹುದು. ಎದೆಗೆ ಹೊಡೆದು ಗುಂಡು ಹಾಳು ಮಾಡಬೇಡಿ, ತಲೆಗೆ ಹೊಡೆಯಿರಿ. ಆರು ಮುಗಿಯುವ ತನಕ ಕಾಯದೆ, ಇಬ್ಬರು ಬೀಳುವ ನಡುವಿನ ಬಿಡುವಿನಲ್ಲಿ ಪಿಸ್ತೂಲನ್ನು ಪಕ್ಕಕ್ಕೆ ತಿರುಗಿಸಿ ಗುಂಡು ತುಂಬಿಕೊಳ್ಳುವ ತಾಳ ಕೈಗೆ ಹತ್ತಬೇಕು. ನುರಿತ ಆಟಗಾರರ ಮಣಿಕಟ್ಟನ್ನು ನೋಡಿದರೆ ಸಾಕು, ಅದು ಒಂದು ಚೂರೇ ಹೊರಳಿ ಮರಳುತ್ತದೆ. ಹೊಸಬರು ತೋಳನ್ನೇ ಬೀಸುತ್ತಾರೆ. ಅಡ್ಡ ಬರುವ ಜನಸಾಮಾನ್ಯರನ್ನು ಕಾಪಾಡುವುದು ಬರಿಯ ಅಂಕದ ಮಾತಲ್ಲ. ಯಾರು ಬದುಕಿದರು, ಯಾರು ಸತ್ತರು ಎಂಬುದರ ಮೇಲೆ ಎಷ್ಟೋ ಕಡೆ ನೀವು ಹಿಡಿಯುವ ದಾರಿಯೇ ಬೇರೆಯಾಗುತ್ತದೆ. ಒಂದೇ ಡಿಸ್ಕನ್ನು ಮತ್ತೆ ಮತ್ತೆ ಆಡಿಸುವ ಗುಟ್ಟು ಅದು.

ದೊಡ್ಡ ರಾಕ್ಷಸರಿಗೆಲ್ಲ ಭವಿಷ್ಯ ಹೇಳಲು ಬಳಸುವ ಟ್ಯಾರೋ ಎಲೆಗಳ ಹೆಸರು. ಎರಡನೆಯ ಭಾಗದ ಮೊದಲನೆಯವನು ‘ಜಡ್ಜ್‌ಮೆಂಟ್’. ಪರದೆಯ ತುಂಬ ಒಬ್ಬ ತಲೆಯಿಲ್ಲದ ಕವಚಧಾರಿ, ಕೈಯಲ್ಲಿ ಭಾರಿ ಕೊಡಲಿ. ಅವನ ಸುತ್ತ ಬಾವಲಿಯ ಹಾಗೆ ಹಾರಾಡುವ ಒಬ್ಬ ಪುಟ್ಟ ಪಿಶಾಚಿ. ಹೊಸಬರು ಗಾಬರಿಯಲ್ಲಿ ಕವಚಕ್ಕೆ ಗುಂಡಿನ ಮಳೆ ಸುರಿಸುತ್ತಾರೆ. ಅವನಿಗೆ ಅದು ನಾಟುವುದೇ ಇಲ್ಲ. ದೊಡ್ಡವನು ಗೊಂಬೆ, ಆಡಿಸುವವನು ಆ ಪುಟಾಣಿ. ಅವನನ್ನೇ ಹೊಡೆಯಬೇಕು. ಕಾದಾಟಕ್ಕೆ ಮೊದಲು ದುರ್ಬಲ ಜಾಗ ಯಾವುದೆಂದು ಆಟವೇ ಒಂದು ಪುಟ ತೆರೆದು ತೋರಿಸುತ್ತದೆ, ನಾವು ಓದುವುದಿಲ್ಲ ಅಷ್ಟೇ. ಇಬ್ಬರು ಆಡುವಾಗ ಪರದೆಯನ್ನು ಎಡ-ಬಲವಾಗಿ ಹಂಚಿಕೊಳ್ಳಿ. ಇಬ್ಬರೂ ಒಬ್ಬನ ಮೇಲೆಯೇ ಗುಂಡು ಸುರಿದರೆ ಇನ್ನೊಬ್ಬ ಕಚ್ಚುತ್ತಾನೆ.

ಕೊನೆಗೆ ನಿಮ್ಮ ಮಗನ ವಿಚಾರ. ಈ ಆಟಕ್ಕೆ ಅಮೆರಿಕದಲ್ಲಿ ಕೊಟ್ಟಿರುವ ದರ್ಜೆ ‘ಮೆಚ್ಯೂರ್’, ಅಂದರೆ 17 ತುಂಬಿದವರಿಗೆ. ಹೊಡೆದ ಜಾಗದಲ್ಲಿ ಮಾಂಸ ಹರಿದು ಬೀಳುವುದನ್ನು ಇದು ಮರೆಮಾಚುವುದಿಲ್ಲ. ಗ್ರಾಫಿಕ್ಸ್ ಹಳೆಯದು, ನಗು ಬರಿಸುವಂತಿದೆ ಎಂಬ ವಾದವನ್ನು ಹೆತ್ತವರಿಂದಲೇ ಕೇಳಿದ್ದೇನೆ. ನಗು ಬರುವುದು ನಮಗೆ, ಹನ್ನೊಂದು ವರ್ಷದವನಿಗೆ ರಾತ್ರಿ ಬರುವುದು ಬೇರೆಯೇ. ನನ್ನ ಉತ್ತರ ಬೇಡ ಎಂದೇ. ಅದೂ ಅಲ್ಲದೆ, ಪ್ರತಿ ಗುಂಡಿಗೂ ಪರದೆ ಬೆಳ್ಳಗೆ ಮಿಂಚುತ್ತದೆ. ಮನೆಯಲ್ಲಿ ಯಾರಿಗಾದರೂ ಮೂರ್ಛೆ ರೋಗದ ಹಿನ್ನೆಲೆ ಇದ್ದರೆ ಅವರು ಆಡುವುದಿರಲಿ, ಆ ಕೋಣೆಯಲ್ಲಿ ಕೂರುವುದೂ ಬೇಡ.

ಹಾಗೆಂದು ಅವನ ಹಟಕ್ಕೆ ಪೂರ್ತಿ ತಣ್ಣೀರು ಎರಚಬೇಕಾಗಿಲ್ಲ. ವೀ ಕೊಂಡರೆ ‘ವೀ ಪ್ಲೇ’ ಡಿಸ್ಕಿನಲ್ಲಿ ಬಲೂನು, ಗುರಿಹಲಗೆ ಹೊಡೆಯುವ ಆಟವಿದೆ, ಇಬ್ಬರೂ ಪೈಪೋಟಿಗೆ ಬೀಳಬಹುದು. ಅವನು ದೊಡ್ಡವನಾಗುವ ಹೊತ್ತಿಗೆ ಇದೇ ಎರಡನೆಯ ಭಾಗದ ವಿಚಿತ್ರ ಅವತಾರವೊಂದು ಕಾದಿರುತ್ತದೆ: ‘ದಿ ಟೈಪಿಂಗ್ ಆಫ್ ದಿ ಡೆಡ್’. ಅದರಲ್ಲಿ ಪಿಸ್ತೂಲಿನ ಬದಲು ಕೀಬೋರ್ಡ್, ಜೋಂಬಿಯ ಮೇಲೆ ಮೂಡುವ ಪದವನ್ನು ತಪ್ಪಿಲ್ಲದೆ ಟೈಪ್ ಮಾಡಿದರೆ ಅದು ಸಾಯುತ್ತದೆ. ನಾಯಕರು ಬೆನ್ನಿಗೆ ಡ್ರೀಮ್‌ಕ್ಯಾಸ್ಟ್ ಕಟ್ಟಿಕೊಂಡು, ಸೊಂಟದ ಮುಂದೆ ಕೀಬೋರ್ಡ್ ತೂಗುಹಾಕಿಕೊಂಡು ಗಂಭೀರ ಮುಖದಿಂದ ಓಡಾಡುತ್ತಾರೆ. ಅದನ್ನು ಕೊಳ್ಳುವಾಗ ಇಂಗ್ಲಿಷ್ ಆವೃತ್ತಿಯನ್ನೇ ಕೇಳಿ, ಕಂಪ್ಯೂಟರಿಗೂ ಅದು ಬಂದಿತ್ತು. ಭಾವಮೈದುನನಿಗೆ ಹೇಳಿ ಕಳಿಸಿದರೆ ಜಪಾನಿ ಡಿಸ್ಕ್ ಬರುತ್ತದೆ, ಆಗ ಅಪ್ಪ ಮಗ ಇಬ್ಬರೂ ಮೊದಲ ಬೀದಿಯನ್ನೇ ದಾಟಲಾರಿರಿ.